ಹುಬ್ಬಳ್ಳಿಯಿಂದ ದ್ವೀಪಕ್ಕೆ: ನೇತ್ರಾಣಿ, ಲಕ್ಷದ್ವೀಪ, ಅಂಡಮಾನ್ – ಯಾರಿಗೆ ಯಾವುದು?

ಹುಬ್ಬಳ್ಳಿ-ಧಾರವಾಡದವರಿಗೆ ಕಡಲು ದೂರವಲ್ಲ. ಅರಬೈಲು ಘಟ್ಟ ಇಳಿದರೆ ಅಂಕೋಲಾ. ಆದರೆ ಕಡಲದಂಡೆಗೆ ಹೋಗಿಬರುವುದು ಬೇರೆ, ದ್ವೀಪಕ್ಕೆ ಹೋಗುವುದು ಬೇರೆ. ದಂಡೆಯಲ್ಲಿ ಮಳೆ ಹಿಡಿದರೆ ಬಂಡಿ ತಿರುಗಿಸಿಕೊಂಡು ಮನೆಗೆ ಬರಬಹುದು. ದ್ವೀಪದಲ್ಲಿ ಗಾಳಿ ಎದ್ದರೆ ಹಡಗೇ ಹೊರಡುವುದಿಲ್ಲ, ಹಡಗು ನಿಂತರೆ ವಿಮಾನ ತಪ್ಪುತ್ತದೆ, ವಿಮಾನ ತಪ್ಪಿದರೆ ಬೆಂಗಳೂರಿನ ರೈಲಿನ ಟಿಕೆಟ್ಟೂ ಹೋಯಿತು. ಆದ್ದರಿಂದ ಆಯ್ಕೆಗೆ ಕೂತಾಗ ಮೊದಲು ಬಿಚ್ಚಬೇಕಾದದ್ದು ಫೋಟೊಗಳನ್ನಲ್ಲ, ಕ್ಯಾಲೆಂಡರನ್ನು. ಆಮೇಲೆ ಕೇಳಬೇಕಾದ ಪ್ರಶ್ನೆ: ಮನೆಮಂದಿಯಲ್ಲಿ ನಿಜವಾಗಿ ನೀರಿಗೆ ಇಳಿಯುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ದ್ವೀಪ ಅರ್ಧ ಆರಿಸಿದಂತೆಯೇ. ದುಡ್ಡಿನ ಲೆಕ್ಕ ಆಮೇಲೆ ಹಾಕಿದರೆ ಸಾಕು.

ಯಾವ ತಿಂಗಳು

ಶಾಲೆಗೆ ಹೋಗುವ ಮಕ್ಕಳಿದ್ದ ಮನೆಗೆ ಸಿಗುವ ದೊಡ್ಡ ರಜೆ ಎರಡೇ, ದಸರಾ ಮತ್ತು ಬೇಸಿಗೆ.

ದಸರಾ ರಜೆಗೆ ಅಂಡಮಾನ್ ಬೇಡ. ನಮ್ಮಲ್ಲಿ ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳತೊಡಗುತ್ತವೆ. ಅಕ್ಟೋಬರ್, ನವೆಂಬರ್ ಎರಡೂ ತಿಂಗಳು ಅಲ್ಲಿ ಮಳೆಯ ತಿಂಗಳುಗಳೇ. ಮಳೆಗಿಂತ ದೊಡ್ಡ ತೊಂದರೆ ಗಾಳಿಯದು, ಏಕೆಂದರೆ ದ್ವೀಪದಿಂದ ದ್ವೀಪಕ್ಕೆ ಒಯ್ಯುವ ಫೆರಿ ನಿಲ್ಲುವುದು ಗಾಳಿಗೆ. ಅದೇ ಹೊತ್ತಿಗೆ ಲಕ್ಷದ್ವೀಪದ ಹಂಗಾಮು ತೆರೆದುಕೊಂಡಿರುತ್ತದೆ. ಮುರುಡೇಶ್ವರದ ಎದುರಿನ ನೇತ್ರಾಣಿಗೂ ಬೋಟು ಹೊರಡತೊಡಗುತ್ತವೆ, ಆದರೆ ಮಳೆಗಾಲದಲ್ಲಿ ಹೊಳೆಗಳು ತಂದು ಸುರಿದ ಕೆಸರು ಇನ್ನೂ ಕೆಳಗೆ ಕೂತಿರುವುದಿಲ್ಲ. ನೇತ್ರಾಣಿಯ ನೀರು ತಿಳಿಯಾಗಿ ಕಾಣಬೇಕೆಂದರೆ ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ಹೋಗಬೇಕು.

ಏಪ್ರಿಲ್‌ನಲ್ಲಿ ಮೂರೂ ತೆರೆದಿರುತ್ತವೆ. ಅಂಡಮಾನಿನ ಕಡಲು ಮಾರ್ಚ್-ಏಪ್ರಿಲ್‌ನಲ್ಲಿ ಕೆರೆಯ ಹಾಗೆ ಮಲಗಿರುತ್ತದೆ. ಸೆಕೆ ಜಾಸ್ತಿ, ಆದರೆ ನೀರೊಳಗೆ ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮೇ ಎರಡನೆಯ ವಾರ ದಾಟಿಸಬೇಡಿ. ದೇಶದಲ್ಲಿ ನೈಋತ್ಯ ಮುಂಗಾರು ಮೊದಲು ಕಾಲಿಡುವುದೇ ಅಂಡಮಾನಿಗೆ, ಸಾಮಾನ್ಯವಾಗಿ ಮೇ ಮೂರನೆಯ ವಾರದ ಹೊತ್ತಿಗೆ. ಹುಬ್ಬಳ್ಳಿಯಲ್ಲಿ ಇನ್ನೂ ಡಾಂಬರು ಕಾಯುತ್ತಿರುವಾಗಲೇ ಅಲ್ಲಿ ಜಡಿಮಳೆ. ಇಲ್ಲಿಯ ಆಕಾಶ ನೋಡಿ ಅಲ್ಲಿಯ ಟಿಕೆಟ್ ತೆಗೆಯುವುದೇ ಮೇ ತಿಂಗಳಲ್ಲಿ ಆಗುವ ದೊಡ್ಡ ತಪ್ಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರೂ ಕಡೆ ನೀರಿನ ಆಟ ಬಂದ್ ಎಂದೇ ತಿಳಿದುಕೊಳ್ಳಿ.

ಎಷ್ಟು ದಿನ ಹೋಗುತ್ತದೆ, ಎಷ್ಟು ತಾಸು ನೀರು ಸಿಗುತ್ತದೆ

ನೇತ್ರಾಣಿಗೆ ಎರಡು ದಿನ ಸಾಕು. ಹುಬ್ಬಳ್ಳಿಯಿಂದ ಮುರುಡೇಶ್ವರಕ್ಕೆ ಸುಮಾರು 200 ಕಿ.ಮೀ. ಯಲ್ಲಾಪುರ-ಅಂಕೋಲಾ ಹಾದಿ ಲಾರಿಗಳದ್ದು, ಹಾವೇರಿಯವರಿಗೆ ಹಾನಗಲ್-ಶಿರಸಿ ಹಾದಿ ಹತ್ತಿರ. ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ನಡೆದಾಗ ವಾಹನ ಬಿಡುವುದಿಲ್ಲ; ಹೊರಡುವ ಮುನ್ನ ಶಿರಸಿಯಲ್ಲಿ ವಿಚಾರಿಸಿಕೊಳ್ಳಿ. ಬೋಟು ಬೆಳಗ್ಗೆ ಹೊರಡುವುದರಿಂದ ಹಿಂದಿನ ರಾತ್ರಿಯೇ ಮುರುಡೇಶ್ವರ ಸೇರಿರಬೇಕು. ರಾತ್ರಿಯೆಲ್ಲ ಬಂಡಿ ಹೊಡೆದು ಬೆಳಗ್ಗೆ ಬೋಟು ಹತ್ತಿದವರು ದ್ವೀಪ ಮುಟ್ಟುವ ಮೊದಲೇ ವಾಂತಿ ಮಾಡಿಕೊಂಡು ಮಲಗುತ್ತಾರೆ.

ದಂಡೆಯಿಂದ ನೇತ್ರಾಣಿಗೆ ಸುಮಾರು 19 ಕಿ.ಮೀ., ಒಂದರಿಂದ ಒಂದೂವರೆ ತಾಸಿನ ಬೋಟು ಪ್ರಯಾಣ. ಒಂದು ಮಾತು ಮನೆಯವರಿಗೆಲ್ಲ ಮೊದಲೇ ಹೇಳಿ: ನೇತ್ರಾಣಿಯಲ್ಲಿ ಉಸುಕಿನ ದಂಡೆ ಇಲ್ಲ, ದ್ವೀಪದ ಮೇಲೆ ಇಳಿಯುವುದೂ ಇಲ್ಲ. ಅದು ಕಡಲಿನಿಂದ ನೇರ ಎದ್ದ ಬಂಡೆ ಮತ್ತು ಕಾಡು. ಬೋಟು ಅದರ ಪಕ್ಕ ಲಂಗರು ಹಾಕುತ್ತದೆ. ಇಳಿಯುವವರು ನೀರಿಗೇ ಇಳಿಯಬೇಕು. ಈಸುವುದಿಲ್ಲ, ಸುಮ್ಮನೆ ಬರುತ್ತೇನೆ ಎನ್ನುವವರು ನಾಲ್ಕೈದು ತಾಸು ತೂಗಾಡುವ ಬೋಟಿನಲ್ಲಿ ಬಿಸಿಲಿಗೆ ಕೂರಬೇಕಾಗುತ್ತದೆ. ಅಂಥವರು ಮುರುಡೇಶ್ವರದ ಗುಡಿಯಲ್ಲಿ, ದಂಡೆಯಲ್ಲಿ ಉಳಿಯುವುದೇ ಸರಿ.

ಅಂಡಮಾನಿಗೆ ಹುಬ್ಬಳ್ಳಿಯಿಂದ ಎಣಿಸಿದರೆ ಏಳು ರಾತ್ರಿ ಬೇಕು. ಪ್ಯಾಕೇಜಿನವರು ಹೇಳುವ ‘ಐದು ರಾತ್ರಿ’ ಪೋರ್ಟ್‌ಬ್ಲೇರ್‌ನಲ್ಲಿ ಇಳಿದ ಮೇಲಿನ ಲೆಕ್ಕ. ಬೆಂಗಳೂರಿನಿಂದ ನೇರ ವಿಮಾನಕ್ಕೆ ಎರಡೂವರೆ ತಾಸು. ಆ ವಿಮಾನ ನಸುಕಿನದ್ದಾದರೆ ಹುಬ್ಬಳ್ಳಿಯ ರಾತ್ರಿ ರೈಲು ನಂಬಿ ಹೊರಡಬಾರದು: ರೈಲು ಇಳಿಸುವ ಹೊತ್ತಿಗೆ ವಿಮಾನ ಹಾರಿರುತ್ತದೆ. ಹಿಂದಿನ ದಿನ ಹಗಲಿನ ರೈಲಿಗೆ ಹೋಗಿ, ಮೆಜೆಸ್ಟಿಕ್‌ವರೆಗೆ ಹೋಗದೆ ಯಶವಂತಪುರದಲ್ಲೇ ಇಳಿದರೆ ವಿಮಾನ ನಿಲ್ದಾಣದ ಹಾದಿ ಹತ್ತಿರ.

ಲಕ್ಷದ್ವೀಪ ಇವೆರಡರ ನಡುವೆ ಇದೆ, ಐದಾರು ದಿನ. ಕೊಚ್ಚಿಯಿಂದ ಅಲ್ಲಿಯ ಅಗತ್ತಿ ದ್ವೀಪಕ್ಕೆ ಸುಮಾರು ಒಂದೂವರೆ ತಾಸಿನ ವಿಮಾನ. ಬೆಂಗಳೂರು, ಗೋವಾಗಳಿಂದಲೂ ವಿಮಾನ ಶುರುವಾಗಿವೆಯಾದರೂ ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ವಾರವೇ ನೋಡಿಕೊಳ್ಳಬೇಕು. ಗೋವಾದ ವಿಮಾನ ಸಿಕ್ಕರೆ ನಮ್ಮವರಿಗೆ ಅದೇ ಅನುಕೂಲ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಅಷ್ಟೆ, ಬರುವುದು ಸಣ್ಣ ವಿಮಾನ. ಸಾಮಾನಿನ ತೂಕದಲ್ಲಿ ರಿಯಾಯಿತಿ ಇರುವುದಿಲ್ಲ. ಹಡಗಿನಲ್ಲಾದರೆ ಕೊಚ್ಚಿಯಿಂದ 14ರಿಂದ 18 ತಾಸು.

ಇನ್ನು ನೀರಿನ ಲೆಕ್ಕ. ನೇತ್ರಾಣಿಯ ಎರಡು ದಿನದಲ್ಲಿ ನೀರೊಳಗೆ ಸಿಗುವುದು ಹೆಚ್ಚೆಂದರೆ ಒಂದು ತಾಸು. ಅಂಡಮಾನಿನ ಏಳು ರಾತ್ರಿಯಲ್ಲಿ ಮೂರು ದಿನ, ಉಳಿದದ್ದು ಹಡಗು, ಜೆಟ್ಟಿ, ವಿಮಾನ. ಲಕ್ಷದ್ವೀಪದಲ್ಲಿ ಇಳಿದ ಮೇಲೆ ನೀರು ಕೋಣೆಯ ಬಾಗಿಲಲ್ಲೇ ಇರುತ್ತದೆ. ನೀರಿನ ತಾಸುಗಳನ್ನೇ ಎಣಿಸುವುದಾದರೆ ಲಕ್ಷದ್ವೀಪಕ್ಕೆ ಎದುರಿಲ್ಲ.

ಲಕ್ಷದ್ವೀಪ: ಕೊಡುವುದೇನು, ಕೇಳುವುದೇನು

ಇವು ಹವಳದ ದ್ವೀಪಗಳು. ಬಹುತೇಕ ದ್ವೀಪಗಳು ಹವಳದ ಉಂಗುರದ ಪೂರ್ವದ ಅಂಚಿನಲ್ಲಿ ಉದ್ದಕ್ಕೆ ಮಲಗಿವೆ, ಪಶ್ಚಿಮಕ್ಕೆ ಆ ಉಂಗುರದೊಳಗಿನ ತಿಳಿನೀರಿನ ಲಗೂನ್. ತೆರೆಗಳು ಹೊರಗಿನ ಹವಳದ ಗೋಡೆಗೆ ಬಡಿದು ಅಲ್ಲೇ ಒಡೆಯುವುದರಿಂದ ಒಳಗೆ ನೀರು ಶಾಂತ. ಬಾವಿಯಲ್ಲಿ, ಕೆರೆಯಲ್ಲಿ ಈಸು ಕಲಿತವರಿಗೂ, ಈಸೇ ಬಾರದವರಿಗೂ, ಮಕ್ಕಳಿಗೂ ಇಷ್ಟು ಸುರಕ್ಷಿತವಾದ ಕಡಲು ನಮ್ಮ ದೇಶದಲ್ಲಿ ಮತ್ತೊಂದಿಲ್ಲ ಎಂದೇ ಹೇಳಬೇಕು. ಸೊಂಟದ ನೀರಿನಲ್ಲಿ ನಿಂತು ಮುಖ ಮುಳುಗಿಸಿದರೆ ಮೀನು ಕಾಣುತ್ತವೆ. ಪೂರ್ವದ ದಂಡೆ ಹಾಗಲ್ಲ. ಅಲ್ಲಿ ಚೂಪು ಹವಳ, ಆಚೆ ನೇರ ಆಳ. ಸ್ನಾನಕ್ಕೆ ಇಳಿಯುವ ಜಾಗವಲ್ಲ. ಆಂಡ್ರೋತ್ ದ್ವೀಪಕ್ಕೆ ಲಗೂನೇ ಇಲ್ಲ. ಹಾಗಾಗಿ ದ್ವೀಪ ಆರಿಸುವಾಗ ‘ಕೋಣೆ ಲಗೂನ್ ಕಡೆಗೆ ಇದೆಯೇ’ ಎಂದು ಕೇಳಿಯೇ ಕೇಳಿ. ಸೂರ್ಯ ಮುಳುಗುವುದೂ ಆ ಕಡೆಗೇ.

ಕೇಳುವುದೂ ಉಂಟು. ದ್ವೀಪದವರಲ್ಲದ ಎಲ್ಲರಿಗೂ ಪ್ರವೇಶ ಪರವಾನಗಿ ಬೇಕು. ವಿಮಾನದ ಟಿಕೆಟ್ ತೆಗೆದು ಆಮೇಲೆ ಪರವಾನಗಿಗೆ ಓಡಾಡುವವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಮೊದಲು ಉಳಿಯುವ ಜಾಗ ಅಥವಾ ಪ್ಯಾಕೇಜು, ಅವರ ಮೂಲಕ ಪರವಾನಗಿ, ಕೊನೆಗೆ ಟಿಕೆಟ್. ಒಂದು ತಿಂಗಳಾದರೂ ಮುಂಚೆ ಶುರುಮಾಡಿ. ಪರವಾನಗಿಯಲ್ಲಿ ಬರೆದ ದ್ವೀಪ ಬಿಟ್ಟು ಬೇರೆ ದ್ವೀಪಕ್ಕೆ ಹೋಗುವಂತಿಲ್ಲ, ಆದ್ದರಿಂದ ಅರ್ಜಿಯಲ್ಲಿ ಅಗತ್ತಿ, ಬಂಗಾರಂ, ಕಡಮತ್ ಎಂದು ಬೇಕಾದ್ದನ್ನೆಲ್ಲ ಮೊದಲೇ ಹಾಕಿಸಿ. ಬಂಗಾರಂ ಬಿಟ್ಟರೆ ಎಲ್ಲೂ ಮದ್ಯವಿಲ್ಲ. ಜನವಸತಿಯ ದ್ವೀಪಗಳಲ್ಲಿ ಮೈತುಂಬ ಬಟ್ಟೆ ಹಾಕಿ ಓಡಾಡುವುದು ಅಲ್ಲಿಯ ಮರ್ಯಾದೆ.

ಹಡಗಿನಲ್ಲಿ ಹೋಗುವವರು ಒಂದು ಸಂಗತಿ ತಿಳಿದಿರಬೇಕು. ಹಲವು ದ್ವೀಪಗಳಲ್ಲಿ ಹಡಗು ದಂಡೆಗೆ ಬರುವುದಿಲ್ಲ. ಲಗೂನಿನ ಹೊರಗೆ ನಿಲ್ಲುತ್ತದೆ. ಅಲ್ಲಿಂದ ಸಣ್ಣ ಬೋಟಿಗೆ, ತೆರೆ ಏರಿದ ಗಳಿಗೆ ನೋಡಿ, ದಾಟಿಕೊಳ್ಳಬೇಕು. ಸಿಬ್ಬಂದಿ ಕೈ ಹಿಡಿದು ಇಳಿಸುತ್ತಾರೆ ನಿಜ, ಆದರೆ ಮೊಳಕಾಲು ನೋವಿನ ಅಜ್ಜ-ಅಜ್ಜಿಯರಿಗೆ ಇದು ಆಗದ ಮಾತು. ಅವರನ್ನು ಕರೆದೊಯ್ಯುವುದಾದರೆ ವಿಮಾನ, ಅದೂ ಅಗತ್ತಿ ಒಂದೇ. ಹೃದಯದ ತೊಂದರೆ ಇದ್ದವರಿಗೆ ಲಕ್ಷದ್ವೀಪ ಬೇಡ. ದೊಡ್ಡ ಚಿಕಿತ್ಸೆ ಬೇಕಾದರೆ ಕೊಚ್ಚಿಗೇ ಹೋಗಬೇಕು. ಪೋರ್ಟ್‌ಬ್ಲೇರ್‌ನಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ.

ಕನ್ನಡದವರಿಗೆ ಈ ದ್ವೀಪಗಳು ಪರಕೀಯವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕೇಂದ್ರಾಡಳಿತ ಪ್ರದೇಶವಾದದ್ದು ನಮ್ಮ ರಾಜ್ಯ ಒಂದಾದ ದಿನವೇ, 1956ರ ನವೆಂಬರ್ 1ರಂದು. ‘ಲಕ್ಷದ್ವೀಪ’ ಎಂಬ ಹೆಸರು ಬಂದದ್ದು ‘ಕರ್ನಾಟಕ’ ಎಂಬ ಹೆಸರು ಬಂದ ದಿನವೇ, 1973ರ ನವೆಂಬರ್ 1.

ಅಂಡಮಾನ್: ಗಡಿಯಾರ ಬೇರೆ

ಅಂಡಮಾನಿಗೆ ಹೋದವರು ಕಳೆದುಕೊಳ್ಳುವುದು ಹೆಚ್ಚಾಗಿ ಸಂಜೆಗಳನ್ನು. ಪೋರ್ಟ್‌ಬ್ಲೇರ್ ಹುಬ್ಬಳ್ಳಿಗಿಂತ ಸುಮಾರು 17.5 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ, ಸೂರ್ಯ ಅಲ್ಲಿ ನಮಗಿಂತ ಸುಮಾರು 70 ನಿಮಿಷ ಮೊದಲು ಬರುತ್ತಾನೆ, ಮೊದಲೇ ಹೋಗುತ್ತಾನೆ. ಗಡಿಯಾರ ಮಾತ್ರ ಅದೇ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಹೊತ್ತು ಮುಳುಗುತ್ತದೆ. ಊಟ ಮುಗಿಸಿ, ತುಸು ಮಲಗಿ, ನಾಲ್ಕೂವರೆಗೆ ಚಹಾ ಕುಡಿದು ಹ್ಯಾವ್‌ಲಾಕ್ ದ್ವೀಪದ ರಾಧಾನಗರ ದಂಡೆಗೆ ಹೊರಟವರು ಕತ್ತಲೆ ನೋಡಿ ಬರುತ್ತಾರೆ. ಮಧ್ಯಾಹ್ನ ಮೂರಕ್ಕೆ ಅಲ್ಲಿರಬೇಕು. ಬೆಳಗ್ಗೆ ಐದೂವರೆಗೆ ಎದ್ದು, ನೀರಿನ ಕೆಲಸವೆಲ್ಲ ಮಧ್ಯಾಹ್ನದೊಳಗೆ ಮುಗಿಸಿಕೊಳ್ಳುವವರಿಗೇ ಅಂಡಮಾನ್ ಒಲಿಯುತ್ತದೆ. ಲಕ್ಷದ್ವೀಪದಲ್ಲಿ ಇದರ ತಿರುವುಮುರುವು: ಹೊತ್ತು ಮುಳುಗುವುದು ನಮಗಿಂತ ಹತ್ತು-ಹನ್ನೆರಡು ನಿಮಿಷ ತಡವಾಗಿ.

ಹೆಸರುಗಳ ಗೊಂದಲವನ್ನೂ ಬಿಡಿಸಿಕೊಳ್ಳಿ. 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು, ರಾಸ್ ದ್ವೀಪಕ್ಕೆ ನೇತಾಜಿ ಸುಭಾಷ್‌ಚಂದ್ರ ಬೋಸ್ ಹೆಸರು ಬಂತು. 2024ರ ಸೆಪ್ಟೆಂಬರ್‌ನಲ್ಲಿ ಪೋರ್ಟ್‌ಬ್ಲೇರ್ ಶ್ರೀ ವಿಜಯಪುರಂ ಆಯಿತು. ಟಿಕೆಟ್‌ಗಳಲ್ಲಿ ಹೊಸದೂ ಹಳೆಯದೂ ಎರಡೂ ಕಾಣುತ್ತವೆ. ಸ್ವರಾಜ್, ಶಹೀದ್ ಅದಲುಬದಲಾಗಿ ತಪ್ಪು ದ್ವೀಪಕ್ಕೆ ಫೆರಿ ಟಿಕೆಟ್ ತೆಗೆಯಬೇಡಿ.

ಹ್ಯಾವ್‌ಲಾಕ್ ಮತ್ತು ನೀಲ್ ಎರಡರಲ್ಲಿ ಒಂದಕ್ಕೇ ಸಮಯವಿದ್ದರೆ? ನೀರೊಳಗೆ ಇಳಿಯುವವರಿಗೆ ಹ್ಯಾವ್‌ಲಾಕ್, ಇಳಿಯದವರಿಗೆ ನೀಲ್. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್‌ನಲ್ಲಿ ಹವಳ ದಂಡೆಗೆ ಹತ್ತಿರವೇ ಇದೆ. ಜೆಟ್ಟಿಯಿಂದ ಬೋಟಿನಲ್ಲಿ ಹೋಗಬಹುದು, ಕಾಡಿನ ಹಾದಿಯಲ್ಲಿ ನಡೆದೂ ಹೋಗಬಹುದು. ಮೊದಲ ಬೋಟಿಗೇ ಹೋಗಿ. ಹತ್ತು ಗಂಟೆ ದಾಟಿದರೆ ನೂರಾರು ಕಾಲುಗಳು ಉಸುಕು ಕೆದರಿ ನೀರು ಮಬ್ಬಾಗುತ್ತದೆ. ನೀಲ್ ಸಣ್ಣದು, ಹಸಿರು ಹೊಲ-ತೋಟಗಳ ದ್ವೀಪ. ಗಡಿಬಿಡಿ ಇಲ್ಲ, ವಯಸ್ಸಾದವರಿಗೆ ಹಿತ.

ನೀಲ್‌ನಲ್ಲಿ ಮಾತ್ರ ಉಬ್ಬರ-ಇಳಿತದ ಹೊತ್ತು ಗೊತ್ತಿಲ್ಲದೆ ಹೆಜ್ಜೆ ಇಡಬೇಡಿ. ಅಲ್ಲಿಯ ಕಲ್ಲಿನ ಸಹಜ ಸೇತುವೆಗೆ ನಡೆದು ಹೋಗಲು ಇಳಿತ ಬೇಕು; ಭರತ್‌ಪುರ ದಂಡೆಯಲ್ಲಿ ಸ್ನಾರ್ಕೆಲಿಂಗ್ (ಬಾಯಲ್ಲಿ ಕೊಳವೆ ಕಚ್ಚಿ, ಮುಖ ಮುಳುಗಿಸಿ ಈಸುವುದು) ಮಾಡಲು ಉಬ್ಬರ ಬೇಕು. ಒಂದೇ ಬೆಳಗಿನಲ್ಲಿ ಎರಡನ್ನೂ ಒಟ್ಟಿಗೆ ಮುಗಿಸುತ್ತೇವೆ ಎನ್ನುವ ಡ್ರೈವರನ ಮಾತಿಗೆ ಒಪ್ಪಬೇಡಿ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ತಾಸು ಚಿಲ್ಲರೆ ಅಂತರ, ಮತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಹೊತ್ತು ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ನೀರು ತೀರ ಕೆಳಗೆ ಇಳಿಯುತ್ತದೆ. ಸೇತುವೆ ನೋಡಲು ಅದೇ ಒಳ್ಳೆಯ ದಿನ, ಆದರೆ ಹಾದಿಯ ಹವಳದ ಕಲ್ಲು ಚೂಪಾಗಿಯೂ ಜಾರುವಂತೆಯೂ ಇರುವುದರಿಂದ ಹವಾಯಿ ಚಪ್ಪಲಿ ಸಾಲದು. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಬೇಕು.

ಫೆರಿ: ಪೋರ್ಟ್‌ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಹಡಗಿನಲ್ಲಿ ಸುಮಾರು ಒಂದೂವರೆ ತಾಸು, ಸರ್ಕಾರಿ ಹಡಗಿನಲ್ಲಿ ಎರಡೂವರೆ. ಖಾಸಗಿಯದು ಮುಚ್ಚಿದ ಎಸಿ ಹಡಗು. ತೆರೆ ಇದ್ದ ದಿನ ಹೊಟ್ಟೆ ತೊಳಸುವುದು ಅದರಲ್ಲೇ ಹೆಚ್ಚು. ಮೈಗೆ ಗಾಳಿ ತಾಗುವ, ಕಣ್ಣಿಗೆ ದಿಗಂತ ಕಾಣುವ ಸರ್ಕಾರಿ ಹಡಗಿನ ಮೇಲಂತಸ್ತು ಅಗ್ಗವೂ ಹೌದು, ಹಿತವೂ ಹೌದು. ಟಿಕೆಟ್ ಸಿಗುವುದೇ ಕಷ್ಟ. ಯಾವುದೇ ಹಡಗಾಗಲಿ, ಊರಿಗೆ ಮರಳುವ ವಿಮಾನದ ಹಿಂದಿನ ರಾತ್ರಿ ಪೋರ್ಟ್‌ಬ್ಲೇರ್‌ನಲ್ಲೇ ಮಲಗಬೇಕು. ಅದೇ ದಿನ ಬೆಳಗಿನ ಫೆರಿಗೆ ಬಂದು ಮಧ್ಯಾಹ್ನದ ವಿಮಾನ ಹಿಡಿಯುವ ಯೋಜನೆ, ಫೆರಿ ಒಂದು ತಾಸು ತಡವಾದರೂ ಮುರಿದುಬೀಳುತ್ತದೆ.

ನೀರಿಗೆ ಇಳಿಯದವರ ಪಾಲಿಗೆ ಮೂರರಲ್ಲಿ ಅಂಡಮಾನೇ ಮೇಲು. 1906ರಲ್ಲಿ ಮುಗಿದ ಸೆಲ್ಯುಲರ್ ಜೈಲಿನ ಏಳು ಸಾಲುಗಳಲ್ಲಿ ಈಗ ಮೂರು ಉಳಿದಿವೆ. ಅರ್ಧ ದಿನ ಕೊಡಲೇಬೇಕಾದ ಜಾಗ. ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗೆ ಇಡೀ ದಿನ ಹೋಗುತ್ತದೆ. ಹಾದಿ ಜಾರವಾ ಬುಡಕಟ್ಟಿನ ಜನರ ಕಾಯ್ದಿಟ್ಟ ಕಾಡಿನ ನಡುವೆ ಹಾಯುತ್ತದೆ, ವಾಹನಗಳನ್ನು ಸಾಲಾಗಿ ಕಾವಲಿನೊಡನೆ ಬಿಡುತ್ತಾರೆ. ಅಲ್ಲಿ ಅವರ ಫೋಟೊ ತೆಗೆಯುವುದು, ತಿನಿಸು ಕೊಡುವುದು ಅಪರಾಧ. ಕಿಟಕಿ ಏರಿಸಿ ಸುಮ್ಮನೆ ಹಾಯ್ದು ಹೋಗಬೇಕು. ಅದು ಅವರ ಮನೆಯಂಗಳ, ನಮ್ಮ ನೋಟದ ಸ್ಥಳವಲ್ಲ.

ಮೊದಲ ಸಲ ಸ್ಕೂಬಾ: ಎಲ್ಲಿ?

ಮೂರೂ ಕಡೆ ಸ್ಕೂಬಾ (ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿ ಮುಳುಗುವುದು) ಇದೆ, ಆದರೆ ನೀರಿಗೆ ಇಳಿಯುವ ಬಗೆ ಒಂದೇ ಅಲ್ಲ. ನೇತ್ರಾಣಿಯಲ್ಲಿ ಬೋಟಿನಿಂದ ನೇರ ಕಾಲು ನಿಲುಕದ ನೀರಿಗೆ ಇಳಿಯಬೇಕು. ಹ್ಯಾವ್‌ಲಾಕ್‌ನ ನೀಮೊ ರೀಫ್‌ನಲ್ಲಿ ದಂಡೆಯಿಂದ ನಡೆದುಕೊಂಡೇ ಹೋಗಿ, ಎದೆಮಟ್ಟದ ನೀರಿನಲ್ಲಿ ಉಸಿರಾಟ ಕಲಿತು, ಮೆಲ್ಲಗೆ ಆಳಕ್ಕೆ ಸರಿಯಬಹುದು. ಲಕ್ಷದ್ವೀಪದ ಲಗೂನಿನಲ್ಲೂ ಹಾಗೆಯೇ. ಭಯ ಇರುವವರಿಗೆ ಈ ಹತ್ತು ನಿಮಿಷದ ಕಲಿಕೆಯೇ ಎಲ್ಲ. ಕಡಲು ಕಂಡೇ ಇಲ್ಲದ, ಈಸು ಬಾರದ ಗದಗಿನ ಮನೆಮಂದಿಗೆ ನೇತ್ರಾಣಿಯಲ್ಲಿ ಮೊದಲ ಸ್ಕೂಬಾ ಮಾಡಿಸುವುದನ್ನು ಒಪ್ಪಲಾಗದು. ಈಸು ಬರುವ, ಧೈರ್ಯವಿರುವ ಹುಡುಗರಿಗೆ ಮಾತ್ರ ನೇತ್ರಾಣಿ ಕಡಿಮೆ ಖರ್ಚಿನಲ್ಲಿ ಸಿಗುವ ನಿಜವಾದ ಕಡಲು.

ಕೆಡುವುದು ಎಲ್ಲಿ ಎಂದರೆ ಕಿವಿಯಲ್ಲಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ತೆರೆದುಕೊಳ್ಳುವುದನ್ನು ನೋವು ಬರುವ ಮೊದಲೇ, ಅರ್ಧ-ಮುಕ್ಕಾಲು ಮೀಟರಿಗೊಮ್ಮೆ ಮಾಡಬೇಕು. ನೋವು ಬಂದ ಮೇಲೆ ಜೋರಾಗಿ ಊದಿದರೆ ಪೊರೆಗೆ ಪೆಟ್ಟು. ನೆಗಡಿ ಇದ್ದ ದಿನ ಕಿವಿ ತೆರೆದುಕೊಳ್ಳುವುದಿಲ್ಲ. ಆ ದಿನ ಇಳಿಯಬೇಡಿ, ದುಡ್ಡು ಹೋದರೂ ಸರಿ. ದಪ್ಪ ಮೀಸೆಯಿದ್ದರೆ ಮಾಸ್ಕ್ ಕೂರದೆ ನೀರು ಒಸರುತ್ತದೆ. ಮೀಸೆಯ ಮೇಲೆ ತುಸು ವ್ಯಾಸಲೀನ್ ಹಚ್ಚಿದರೆ ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಉಸಿರು ಹಿಡಿಯಬಾರದು. ಬಾವಿಯಲ್ಲಿ ಮುಳುಗು ಹಾಕಿ ರೂಢಿಯಾದವರು ಇಲ್ಲೇ ತಪ್ಪುತ್ತಾರೆ. ಬಾವಿಯಲ್ಲಿ ಎದೆಯೊಳಗಿರುವುದು ಮೇಲೆ ಎಳೆದುಕೊಂಡ ಗಾಳಿ; ಇಲ್ಲಿ ಸಿಲಿಂಡರಿನ ಗಾಳಿ ಒತ್ತಡದಲ್ಲಿ ತುಂಬಿರುತ್ತದೆ, ಉಸಿರು ಬಿಗಿಹಿಡಿದು ಮೇಲೆ ಬಂದರೆ ಅದು ಹಿಗ್ಗಿ ಶ್ವಾಸಕೋಶ ಹರಿಯಬಹುದು. ಉಬ್ಬಸ, ಹೃದಯದ ಕಾಯಿಲೆ ಇದ್ದವರು ಸ್ಕೂಬಾದ ಅರ್ಜಿಯಲ್ಲಿ ಅದನ್ನು ಮುಚ್ಚಿಡಬಾರದು. ಹತ್ತು ವರ್ಷದೊಳಗಿನ ಮಕ್ಕಳಿಗೆ ಸ್ಕೂಬಾ ಇಲ್ಲ, ಸ್ನಾರ್ಕೆಲಿಂಗ್ ಸಾಕು.

ಸ್ಕೂಬಾ ಆದ ಮೇಲೆ ವಿಮಾನ ಹತ್ತಲು ಒಂದೇ ಮುಳುಗಿಗೆ ಕನಿಷ್ಠ 12 ತಾಸು, ಹೆಚ್ಚು ಮುಳುಗಿಗೆ 18 ತಾಸು ಬಿಡಬೇಕು. ಪೂರ್ತಿ ಒಂದು ದಿನ ಬಿಟ್ಟರೆ ಚಿಂತೆಯೇ ಇಲ್ಲ. ಅಂಡಮಾನಿನಲ್ಲಿ ಸ್ಕೂಬಾವನ್ನು ಹ್ಯಾವ್‌ಲಾಕ್‌ನ ಮೊದಲ ಬೆಳಗಿಗೇ ಇಟ್ಟರೆ ಇದು ತಾನೇ ಹೊಂದುತ್ತದೆ. ಲಕ್ಷದ್ವೀಪದಲ್ಲಿ ಕೊನೆಯ ದಿನ ಇಡಬೇಡಿ. ನೇತ್ರಾಣಿಗೆ ವಿಮಾನವಿಲ್ಲ, ಆದರೆ ಘಟ್ಟವಿದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ, ಧಾರವಾಡ ಇನ್ನೂ ಎತ್ತರ. ಎರಡು ಸಲ ಆಳಕ್ಕೆ ಇಳಿದವರು ಅಂದು ರಾತ್ರಿ ಕರಾವಳಿಯಲ್ಲೇ ಉಳಿದು ಮರುದಿನ ಘಟ್ಟ ಹತ್ತುವುದು ಕ್ಷೇಮ.

ನೀರು ಬೇಡ, ದ್ವೀಪ ನೋಡಿದರೆ ಸಾಕು ಎನ್ನುವವರಿಗೆ

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಉಡುಪಿ ದರ್ಶನದ ಜತೆಗೆ ಅರ್ಧ ದಿನದ ಕೆಲಸ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ಆರಿ, ಕುಗ್ಗಿ, ಕಂಬ ಕಂಬವಾಗಿ ಸೀಳಿ ನಿಂತ ಕಲ್ಲುಗಳು ಅಲ್ಲಿವೆ. ಈಸಲು ತಕ್ಕ ಜಾಗವಲ್ಲ. ಮಳೆಗಾಲದಲ್ಲಿ ಬೋಟು ಇಲ್ಲ.

ಹೊಟ್ಟೆಯ ವಿಚಾರ

ಸಸ್ಯಾಹಾರಿಗಳಿಗೆ ಪೋರ್ಟ್‌ಬ್ಲೇರ್‌ನಲ್ಲಿ ತೊಂದರೆಯಿಲ್ಲ, ಹ್ಯಾವ್‌ಲಾಕ್‌ನಲ್ಲಿ ಸಿಗುತ್ತದೆ ಆದರೆ ತುಟ್ಟಿ, ಲಕ್ಷದ್ವೀಪದಲ್ಲಿ ಮೊದಲೇ ಹೇಳಿರಬೇಕು. ಅಲ್ಲಿ ಊಟವೆಂದರೆ ಅನ್ನ ಮತ್ತು ಸೂರೆ (ಟ್ಯೂನಾ) ಮೀನು, ತರಕಾರಿ ಹಡಗಿನಲ್ಲಿ ಬರಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯುವುದು ನಮ್ಮವರ ಪದ್ಧತಿ, ಒಳ್ಳೆಯದೇ. ಆದರೆ ಕಡಲಿನ ಹಸಿ ಗಾಳಿಗೆ ಗಂಟು ಬಿಚ್ಚಿದ ರೊಟ್ಟಿ ಸಂಜೆಯೊಳಗೆ ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಒಂದೇ ಗಂಟು ಕಟ್ಟದೆ, ಒಂದು ಹೊತ್ತಿಗೆ ಬೇಕಾದಷ್ಟನ್ನೇ ಗಾಳಿಯಾಡದ ಚೀಲಗಳಲ್ಲಿ ಬೇರೆ ಬೇರೆ ಮುಚ್ಚಿ. ಚಟ್ನಿಪುಡಿಗೆ ಮೊಸರು ಅಲ್ಲಿಯೇ ಕೊಳ್ಳಬಹುದು.

ಬೋಟು ಹತ್ತುವ ಬೆಳಗ್ಗೆ ಮಿರ್ಚಿ, ಗಿರ್ಮಿಟ್, ಎಣ್ಣೆಯ ನಾಷ್ಟಾ ಬೇಡ. ಬರೀ ಹೊಟ್ಟೆಯೂ ಬೇಡ. ಎರಡು ಇಡ್ಲಿ, ಒಂದು ಬಾಳೆಹಣ್ಣು. ವಾಂತಿ ತಡೆಯುವ ಮಾತ್ರೆಯನ್ನು ಬೋಟು ಹೊರಡುವ ಒಂದು ತಾಸು ಮೊದಲೇ ತೆಗೆದುಕೊಂಡರೆ ಮಾತ್ರ ಉಪಯೋಗ, ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಕೆಲವು ಮಾತ್ರೆ ನಿದ್ದೆ ತರುತ್ತವೆ. ಸ್ಕೂಬಾ ಮಾಡುವವರು ಯಾವುದು ಸರಿ ಎಂದು ವೈದ್ಯರನ್ನು ಊರಲ್ಲೇ ಕೇಳಿ ತಂದಿರಬೇಕು. ಬೋಟಿನಲ್ಲಿ ಮುಂದಿನ ತುದಿ ಬಿಟ್ಟು ನಡುವಿನಿಂದ ಹಿಂದಕ್ಕೆ ಕೂತು, ಮೊಬೈಲ್ ಚೀಲಕ್ಕೆ ಹಾಕಿ, ದೂರದ ದಂಡೆಯ ಮೇಲೆ ಕಣ್ಣಿಡಿ.

ಮರಳುವಾಗ ಮಕ್ಕಳ ಜೇಬು ನೋಡಿ. ಹವಳದ ಚೂರು, ಸತ್ತದ್ದಾದರೂ, ಒಯ್ಯುವಂತಿಲ್ಲ. ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಚೀಲ ಬಿಚ್ಚಿಸುತ್ತಾರೆ. ಅಂಗಡಿಯಲ್ಲಿ ಕೊಂಡ ಚಿಪ್ಪಿನ ಸಾಮಾನಿಗೆ ರಸೀದಿ ಇಟ್ಟುಕೊಂಡಿರಿ.